ಎಂಟರಲ್ಲಿ ಹುಟ್ಟಿದವಳು

ಮೊದಲು ಬಂದದ್ದು ತಲೆನೋವು.

ಮಸ್ಕತ್‌ನಿಂದ ಬಂದು ಇನ್ನೂ ವಾರವಾಗಿರಲಿಲ್ಲ. ಪ್ರಯಾಣದ ಸುಸ್ತು ಅಂದುಕೊಂಡೆ. ಕಾಲು ಊದಿಕೊಂಡು ಚಪ್ಪಲಿ ಹಿಡಿಸುತ್ತಿರಲಿಲ್ಲ. ಉಂಗುರ ಬೆರಳಿನಲ್ಲಿ ಕಚ್ಚಿಕೊಂಡಿತ್ತು, ಸೋಪು ಹಚ್ಚಿದರೂ ಬರಲಿಲ್ಲ. ಕುಣಿಗಲ್‌ನ ಅತ್ತೆ ಮನೆಗೆ ನನ್ನನ್ನು ನೋಡಲು ಬಂದ ಹೆಂಗಸರೆಲ್ಲ ಒಂದೇ ಮಾತು ಹೇಳಿದರು, ಬಸುರಿಗೆ ಕಾಲು ಊದುವುದು ಇದ್ದದ್ದೇ ಎಂದು. ಅವರೆಲ್ಲ ಎರಡು ಮೂರು ಹೆತ್ತವರು. ನಾನು ಚೊಚ್ಚಲ ಬಸುರಿ. ನಂಬದೆ ಇನ್ನೇನು ಮಾಡಲಿ?

ನನ್ನ ಗಂಡ ಮಂಜುನಾಥ್ ಮಸ್ಕತ್‌ನಲ್ಲಿ ಏಸಿ ಮೆಕ್ಯಾನಿಕ್. ಮದುವೆಯಾದಾಗಿನಿಂದ ನಾವಿಬ್ಬರೂ ಅಲ್ಲೇ, ಒಂದು ರೂಮು, ಒಂದು ಅಡುಗೆಮನೆಯ ಬಾಡಿಗೆ ಮನೆಯಲ್ಲಿದ್ದೇವೆ. ಚೊಚ್ಚಲ ಹೆರಿಗೆ ಮಾತ್ರ ಊರಲ್ಲೇ ಆಗಬೇಕೆಂದು ಎರಡೂ ಮನೆಯವರ ಹಟ. ಏಳನೇ ತಿಂಗಳಲ್ಲಿ ಬರುವುದು, ಕುಣಿಗಲ್‌ನಲ್ಲಿ ಸೀಮಂತ ಮುಗಿಸುವುದು, ಆಮೇಲೆ ಗುಬ್ಬಿಯ ನನ್ನ ತವರಿಗೆ ಹೋಗುವುದು ಎಂದು ಮಾತಾಗಿತ್ತು. ಮಂಜುನಾಥ್‌ಗೆ ರಜೆ ಇವತ್ತು ಸಿಗುತ್ತದೆ, ನಾಳೆ ಸಿಗುತ್ತದೆ ಎಂದು ಕಾದು ಕೊನೆಗೆ ನಾನೊಬ್ಬಳೇ ವಿಮಾನ ಹತ್ತುವ ಹೊತ್ತಿಗೆ ಏಳು ತುಂಬಿ ಎಂಟಕ್ಕೆ ಬಿದ್ದಿತ್ತು.

ಎಂಟರಲ್ಲಿ ಸೀಮಂತ ಮಾಡುವುದಿಲ್ಲ. ಎಂಟರಲ್ಲಿ ಬಸುರಿಯನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಕಳಿಸುವುದೂ ಇಲ್ಲ. ಹಾಗಾಗಿ ಒಂಬತ್ತು ಹಿಡಿಯುವವರೆಗೆ ನಾನು ಕುಣಿಗಲ್‌ನಲ್ಲೇ ಇರಬೇಕು ಎಂದರು. ಈ ಎಂಟರ ಮೇಲೆ ನಮ್ಮ ಕಡೆಯವರಿಗೆ ಅದೇನು ಹಗೆಯೋ. ಏಳರಲ್ಲಿ ಹುಟ್ಟಿದ ಮಗು ಉಳಿಯುತ್ತದಂತೆ, ಎಂಟರಲ್ಲಿ ಹುಟ್ಟಿದ್ದು ಉಳಿಯುವುದಿಲ್ಲವಂತೆ. ಹೊಟ್ಟೆಯಲ್ಲಿ ಒಂದು ತಿಂಗಳು ಹೆಚ್ಚಿಗೆ ಇದ್ದ ಮಗು ಕಡಿಮೆ ಇದ್ದದ್ದಕ್ಕಿಂತ ಯಾಕೆ ನಿತ್ರಾಣವಾಗಬೇಕು ಎಂದು ಯಾರೂ ಕೇಳುವುದಿಲ್ಲ. ಅಲ್ಲಿಯವರೆಗೆ ನಾನೂ ಕೇಳಿದವಳಲ್ಲ.

ಆ ಬೆಳಿಗ್ಗೆ ಅಡುಗೆಮನೆ ಬಾಗಿಲಲ್ಲಿ ನಿಂತು ಅತ್ತೆ ಮುದ್ದೆ ತೊಳಸುವುದನ್ನು ನೋಡುತ್ತಿದ್ದೆ. ಅತ್ತೆ ಗೌರಮ್ಮ, ಗಂಡ ತೀರಿಕೊಂಡ ಮೇಲೆ ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕಿ ಒಬ್ಬನೇ ಮಗನನ್ನು ಐಟಿಐ ಓದಿಸಿದ ಹೆಂಗಸು. ಮಾತು ಕಡಿಮೆ, ಆಡಿದರೆ ಚಾಟಿ. ನನ್ನ ಕಣ್ಣ ಮುಂದೆ ಬೆಳಕಿನ ಚುಕ್ಕಿಗಳು ಓಡಾಡತೊಡಗಿದವು.

"ಅತ್ತೆ, ನೀವು ಇಬ್ಬಿಬ್ರು ಕಾಣ್ತಾ ಇದೀರ" ಎಂದೆ.

"ಒಬ್ಳನ್ನೇ ತಡ್ಕಳಾಕೆ ಆಗಲ್ಲ ನಿಂಗೆ, ಇನ್ನು ಇಬ್ರನ್ನ ಎಂಗೆ ತಡ್ಕತೀಯ" ಎಂದು ನಕ್ಕರು.

ಅಷ್ಟೇ ನೆನಪು.

ಮುಂದಿನದೆಲ್ಲ ಬೇರೆಯವರು ಹೇಳಿದ್ದು. ಬಾಗಿಲಲ್ಲೇ ಬಿದ್ದೆನಂತೆ. ಫಿಟ್ಸ್ ಬಂತಂತೆ. ಕುಣಿಗಲ್ ಆಸ್ಪತ್ರೆಯಲ್ಲಿ ಬಿಪಿ ನೋಡಿ, ಇಂಜೆಕ್ಷನ್ ಕೊಟ್ಟು, ಆಂಬುಲೆನ್ಸ್ ಹತ್ತಿಸಿ ತುಮಕೂರಿಗೆ ಕಳಿಸಿದರಂತೆ. ಬಟವಾಡಿ ಕಡೆಯ ಆಸ್ಪತ್ರೆಯಲ್ಲಿ ಇಳಿಸುತ್ತಿದ್ದಂತೆ ನೇರ ಆಪರೇಷನ್ ಥಿಯೇಟರ್. ಒಂದು ಕಡೆ ನನಗೆ ಅನಸ್ತೇಷಿಯಾ ಕೊಡುತ್ತಿದ್ದರೆ ಇನ್ನೊಂದು ಕಡೆ ನರ್ಸ್ ಒಬ್ಬರು ಅತ್ತೆಯನ್ನು ಎಷ್ಟು ತಿಂಗಳು, ಎಷ್ಟು ತಿಂಗಳು ಎಂದು ಕೇಳುತ್ತಿದ್ದರಂತೆ. ಅತ್ತೆ ಏನು ಹೇಳಿದರು ಎನ್ನುವುದು ನನಗೆ ಆಮೇಲೆ ತಿಳಿಯಿತು.

ಐಸಿಯುನಲ್ಲಿ ಎಚ್ಚರವಾದಾಗ ಹೊಟ್ಟೆಯ ಮೇಲೆ ಕೈಯಿಟ್ಟೆ.

ಹೊಟ್ಟೆ ಇರಲಿಲ್ಲ.

"ಹೆಣ್ಣು ಮಗು ಅಕ್ಕ, ಎನ್‌ಐಸಿಯುನಲ್ಲಿದೆ" ಎಂದರು ಸಿಸ್ಟರ್. ಇದೆ ಎಂದರು. ಇದೆ ಎನ್ನುವ ಪದವನ್ನು ಅಷ್ಟು ಬಿಗಿಯಾಗಿ ನಾನು ಯಾವತ್ತೂ ಹಿಡಿದುಕೊಂಡಿರಲಿಲ್ಲ. ತೂಕ ಕೇಳಿದೆ. ಒಂದು ಕೆಜಿಗಿಂತ ಸ್ವಲ್ಪ ಹೆಚ್ಚು ಎಂದರು. ಗುಬ್ಬಿಯಿಂದ ಬಂದಿದ್ದ ಅಮ್ಮ ಕಿಟಕಿಯ ಕಡೆ ತಿರುಗಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ನಮ್ಮ ತೋಟದ ಎಳನೀರು ಅದಕ್ಕಿಂತ ಭಾರ ಇರುತ್ತದೆ.

ಐಸಿಯುನಿಂದ ವಾರ್ಡಿಗೆ ಬಂದ ದಿನ ನೆಂಟರು ಬಂದರು. ಬಂದವರೆಲ್ಲ ಮೊದಲು ಬೆರಳು ಮಡಿಸಿದರು. ಎಷ್ಟರಲ್ಲಿ ಆಯ್ತು ಎಂಬುದೇ ಎಲ್ಲರ ಪ್ರಶ್ನೆ. ಮಂಚದ ಪಕ್ಕ ಕುಳಿತಿದ್ದ ಅತ್ತೆ ಎಲ್ಲರಿಗೂ "ಏಳು" ಎನ್ನುತ್ತಿದ್ದರು. ನನ್ನ ತಲೆ ಇನ್ನೂ ಮಂಕಾಗಿತ್ತು. ಏನೋ ಊರ ಬಾಯಿ ಮುಚ್ಚಲು ಹೇಳುತ್ತಿದ್ದಾರೆ ಅಂದುಕೊಂಡು ಸುಮ್ಮನಿದ್ದೆ. ಒಬ್ಬಾಕೆಗೆ ಅತ್ತೆಯ ಲೆಕ್ಕದ ಮೇಲೆ ನಂಬಿಕೆ ಬರಲಿಲ್ಲ. ಇನ್ನೊಮ್ಮೆ ಬೆರಳು ಮಡಿಸಿ ನೋಡಿಕೊಂಡು, ನನ್ನ ಭುಜ ಸವರಿ ಹೇಳಿದಳು.

"ಮನಸಿಗೆ ಹಚ್ಕಬ್ಯಾಡ ಕಣವ್ವ. ಇನ್ನೂ ವಯಸ್ಸೈತೆ ಬುಡು."

ನನ್ನ ಮಗು ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಉಸಿರಾಡುತ್ತಿತ್ತು. ಈಕೆ ಸಮಾಧಾನ ಹೇಳಲು ಬಂದಿದ್ದಳು. ತಂದಿದ್ದ ಬಾಳೆಹಣ್ಣನ್ನು ವಾಪಸ್ ಅವಳ ಕೈಗೇ ಕೊಟ್ಟು, "ಬದುಕಿರೋ ಮಗು ನೋಡೋಕೆ ಬರೋದಾದ್ರೆ ಬನ್ನಿ" ಎಂದೆ. ಅಮ್ಮನಿಗೆ ನಾಚಿಕೆಯಾಯಿತು. ನನಗೆ ಆಗಲಿಲ್ಲ.

ಮಧ್ಯಾಹ್ನ ಮಕ್ಕಳ ಡಾಕ್ಟರ್ ಬಂದರು. ನಡುವಯಸ್ಸಿನ ಹೆಂಗಸು, ಕುರ್ಚಿ ಎಳೆದುಕೊಂಡು ಕುಳಿತು ಮಾತಾಡುವವರು.

"ನೋಡಮ್ಮ, ಇಪ್ಪತ್ತೆಂಟು ವಾರದ ಮಗೂನ ನೋಡ್ಕೊಳ್ಳೋಷ್ಟು ಸೌಕರ್ಯ ನಮ್ಮಲ್ಲಿಲ್ಲ. ಬೆಂಗಳೂರಲ್ಲಿ ಬೆಡ್ ಖಾಲಿ ಇರ್ಲಿಲ್ಲ, ಇವತ್ತು ಸಿಕ್ಕಿದೆ. ಸಂಜೆ ಕಳಿಸ್ಬೇಕು ಅಂತಿದೀವಿ. ನಿಮ್ಮ ಬಿಪಿ ಇನ್ನೂ ಇಳಿದಿಲ್ಲ, ನೀವು ಜೊತೆಗೆ ಹೋಗೋಕಾಗಲ್ಲ."

"ಯಾವ ಇಪ್ಪತ್ತೆಂಟು ವಾರ?" ಎಂದೆ.

ಅವರು ಮುಂದಕ್ಕೆ ಬಾಗಿದರು. "ಅದನ್ನೇ ಕೇಳೋಣ ಅಂತ ಬಂದೆ. ಏಳು ನಡೀತಾ ಇದೆ ಅಂತ ನಿಮ್ಮ ಅತ್ತೆ ಹೇಳಿದ್ರು. ಆದ್ರೆ ಮಗು ಪಾದದಲ್ಲಿ ಗೆರೆ ಚೆನ್ನಾಗಿ ಮೂಡಿದೆ. ಇಪ್ಪತ್ತೆಂಟು ವಾರಕ್ಕೆ ಅಷ್ಟು ಇರಲ್ಲ. ನಂಗೆ ಅನುಮಾನ."

"ಮೂವತ್ತೆರಡು ದಾಟಿತ್ತು ಡಾಕ್ಟ್ರೇ. ಎಂಟು ನಡೀತಿತ್ತು."

"ಏಳೇ ಡಾಕ್ಟ್ರೇ" ಎಂದರು ಅತ್ತೆ ಪಕ್ಕದಿಂದ. "ಈ ಹುಡ್ಗಿಗೆ ಫಿಟ್ಸ್ ಬಂದು ತಲೆ ನಿಂತಿಲ್ಲ. ಏನೇನೋ ಅಂತಾವ್ಳೆ."

ನಾನು ಅತ್ತೆಯ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ.

"ನನ್ನ ಫೋನ್ ಕೊಡಿ ಅತ್ತೆ" ಎಂದೆ. ಫೋನ್ ಅವರ ಬ್ಯಾಗಿನಲ್ಲಿತ್ತು, ಸ್ವಿಚ್ ಆಫ್ ಆಗಿತ್ತು. ಕೊಡಲು ಅವರು ತಡ ಮಾಡಿದರು. ಆನ್ ಮಾಡಿ, ಮಸ್ಕತ್‌ನಲ್ಲಿ ಮಾಡಿಸಿದ್ದ ಮೊದಲ ಸ್ಕ್ಯಾನ್‌ನ ಫೋಟೋ ತೆಗೆದು ಡಾಕ್ಟರ್ ಕೈಗಿಟ್ಟೆ. ಅವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು.

"ಬೆಂಗಳೂರು ಬೇಡ" ಎಂದರು. "ಇಲ್ಲೇ ಇರ್ಲಿ. ಆದ್ರೆ ಒಂದು ಮಾತು. ಏಳು ತಿಂಗಳಿಗೆ ಇಷ್ಟು ತೂಕ ಇದ್ರೆ ಒಂದು ಮಗು. ಎಂಟಕ್ಕೆ ಇಷ್ಟೇ ತೂಕ ಇದ್ರೆ ಅದು ಬೇರೆ ಮಗು. ನಿಮ್ಮ ಬಿಪಿಯಿಂದ ಇದಕ್ಕೆ ಒಳಗಡೇನೇ ಊಟ ಸಾಲ್ದೆ ಹೋಗಿದೆ. ಶ್ವಾಸಕೋಶ ಪರವಾಗಿಲ್ಲ, ಕರುಳು ನಾಜೂಕು. ಹಾಲನ್ನ ಹನಿ ಹನಿ ಲೆಕ್ಕದಲ್ಲಿ ಕೊಡ್ಬೇಕು. ಶುಗರ್ ಮೇಲೆ ಕಣ್ಣಿಡ್ಬೇಕು. ಗಂಡಾಂತರ ಕಳೀತು ಅಂತ ನಾನು ಹೇಳಲ್ಲ." ಎದ್ದು ನಿಂತು ಅತ್ತೆಯ ಕಡೆ ತಿರುಗಿದರು. "ಯಾಕಮ್ಮ ಹಿಂಗೆ ಹೇಳಿದ್ರಿ?"

ಅತ್ತೆ ಬ್ಯಾಗಿನ ಬಾಯಿ ಮುಚ್ಚುತ್ತಾ ಕುಳಿತರು. ಡಾಕ್ಟರ್ ಹೋದರು.

ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡೇ ಕೂಗಾಡಿದೆ. ಏನು ಅಂದೆನೋ ಎಲ್ಲ ನೆನಪಿಲ್ಲ. ಊರವರ ಬಾಯಿಗೆ ಹೆದರಿ ನನ್ನ ಮಗೂನ ನನ್ನಿಂದ ಕಿತ್ತು ಬೆಂಗಳೂರಿಗೆ ಕಳಿಸ್ತಿದ್ರಲ್ಲ ಎಂದದ್ದು ನೆನಪಿದೆ. ಅಮ್ಮ ನನ್ನ ಬಾಯಿ ಮುಚ್ಚಲು ಬಂದರು. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು. ಅಮ್ಮ ನೀರು ತರಲು ಆಚೆ ಹೋದ ಮೇಲೆ ಮಂಚದ ಕಬ್ಬಿಣ ಹಿಡಿದುಕೊಂಡು ಮೆಲ್ಲಗೆ ಹೇಳಿದರು.

"ಮಂಜಂಗಿಂತ ಮುಂಚೆ ನಂಗೊಂದು ಹೆಣ್ಣು ಹುಟ್ಟಿತ್ತು. ಎಂಟರಲ್ಲಿ. ನಮ್ಮತ್ತೆ ಬೆರಳು ಮಡಿಸಿ ಎಣಿಸಿದ್ಲು. ಇದು ಉಳಿಯಲ್ಲ, ಆಸೆ ಮಡಿಕಬ್ಯಾಡ ಅಂದ್ಲು. ಮೊರದಲ್ಲಿ ಹಳೇ ಸೀರೆ ಹಾಸಿ ಮೂಲೇಲಿ ಮಡಗಿದ್ರು. ಹಾಲು ಕುಡ್ಸೋಕೂ ಬುಡ್ಲಿಲ್ಲ. ರುಚಿ ಹತ್ತುದ್ರೆ ಒದ್ದಾಡಿ ಸಾಯ್ತದೆ ಅಂತ."

ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

"ಸಂಜೆಗಂಟ ಅಳ್ತಾನೇ ಇತ್ತು ಕಣೆ. ಸಾಯೋ ಮಗು ಅಷ್ಟು ಜೋರಾಗಿ ಅಳ್ತದಾ?"

ಈ ಸಲ ಅವರು ನನ್ನ ಮುಖ ನೋಡಿದರು.

"ಎಂಟು ಅಂದ್ರೆ ಡಾಕ್ಟ್ರೂ ಮೂಲೇಲಿ ಮಡಗ್ತಾರೆ ಅಂದ್ಕಂಡೆ. ಅದ್ಕೇ ಏಳು ಅಂದೆ. ಮಂಜಂಗೆ ಇದು ಗೊತ್ತಿಲ್ಲ. ನೀನೂ ಹೇಳಬ್ಯಾಡ."

ಅಲ್ಲಿಗೆ ನನ್ನ ಕೋಪ ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆ ಸುಳ್ಳಿನಿಂದ ಸಂಜೆಗೆ ನನ್ನ ಮಗಳು ಹೆದ್ದಾರಿಯಲ್ಲಿ ಇರುತ್ತಿದ್ದಳು. ಹನಿ ಲೆಕ್ಕದ ಹಾಲು ಬೇರೆ ಯಾವುದೋ ಮಗುವಿನ ಲೆಕ್ಕದಲ್ಲಿ ಹೊಟ್ಟೆಗೆ ಹೋಗುತ್ತಿತ್ತು. ಕೋಪ ಇತ್ತು, ಇವತ್ತಿಗೂ ಇದೆ. ಆದರೆ ಅದರಲ್ಲಿ ಹೆಚ್ಚಿನ ಪಾಲು ಅತ್ತೆಯನ್ನು ಬಿಟ್ಟು ಆ ಮೊರದ ಕಡೆಗೆ, ಆ ಮಡಿಸಿದ ಬೆರಳುಗಳ ಕಡೆಗೆ ತಿರುಗಿತು. ಒಂದು ಅಂಕಿ ಹೇಳಿ ಒಂದು ಕೂಸನ್ನು ಮೂಲೆಗೆ ಸರಿಸಿದ್ದರು. ನನ್ನ ಕೂಸನ್ನೂ ಸರಿಸಲು ಅದೇ ಅಂಕಿ ಹಿಡಿದುಕೊಂಡು ಬಾಳೆಹಣ್ಣಿನ ಜೊತೆ ಬರುತ್ತಿದ್ದರು.

ಅವತ್ತಿನಿಂದ ಯಾರು ಕೇಳಿದರೂ ಎಂಟು ಎಂದೆ. ಕೇಳದವರಿಗೂ ಹೇಳಿದೆ. ಮುಖ ಇಳಿಯುತ್ತಿತ್ತು. ಇಳಿದರೆ ಇಳಿಯಲಿ.

ಮೊದಲ ಸಲ ವೀಲ್‌ಚೇರ್‌ನಲ್ಲಿ ಎನ್‌ಐಸಿಯುಗೆ ಹೋದಾಗ ನಾನು ಅಳುತ್ತೇನೆಂದು ಸಿಸ್ಟರ್ ಟಿಶ್ಯೂ ಹಿಡಿದುಕೊಂಡಿದ್ದರು. ಗಾಜಿನ ಪೆಟ್ಟಿಗೆಯೊಳಗೆ ಮಗಳು ಕಾಲು ಚಾಚಿ ಮಲಗಿದ್ದಳು. ಮೂಗಿಗೆ ಉಸಿರಾಡಲು ಗಾಳಿ ಊದುವ ಸಿಪ್ಯಾಪ್ ಪೈಪು, ಬಾಯಿಗೆ ಹಾಲಿನ ಟ್ಯೂಬು, ಕೈಗೆ ಡ್ರಿಪ್, ಎದೆಗೆ ವೈರು. ಡೈಪರ್ ಎದೆಯವರೆಗೆ ಬಂದಿತ್ತು. ಮುಖ ಮಾತ್ರ ಅತ್ತೆಯದೇ, ಯಾರೋ ಬೈದು ಕಳಿಸಿದ ಹಾಗೆ ಹುಬ್ಬು ಗಂಟು ಹಾಕಿಕೊಂಡಿದ್ದಳು. ಕೈ ತೊಳೆದು ಪೆಟ್ಟಿಗೆಯ ಕಿಂಡಿಯಿಂದ ಬೆರಳು ಚಾಚಿದೆ. ಹಿಡಿದುಕೊಂಡಳು. ಆ ಹಿಡಿತಕ್ಕೆ ಎಂಟೂ ಗೊತ್ತಿರಲಿಲ್ಲ, ಏಳೂ ಗೊತ್ತಿರಲಿಲ್ಲ. ಟಿಶ್ಯೂ ಬೇಕಾಗಲಿಲ್ಲ.

ಹಾಲು ಬರಿಸುವುದು ಮೊದಲ ಯುದ್ಧ. ಎಲ್ಲೋ ಇರುವ ಮಗುವಿಗೆ ಎದೆ ಹೇಗೆ ಹಾಲು ಇಳಿಸಬೇಕು? ಪಂಪ್ ಹಿಡಿದು ಕುಳಿತರೆ ತಳ ತೇವವಾಗುವಷ್ಟೂ ಬರುತ್ತಿರಲಿಲ್ಲ. ಅತ್ತೆ ಬಿಸಿನೀರಿನ ಬಟ್ಟೆ ಇಟ್ಟು ಬೆನ್ನು ನೀವುತ್ತಾ ಕೂರುತ್ತಿದ್ದರು. "ಚೊಚ್ಚಲ ಕಡಸೂ ಹಿಂಗೇ ಕಣೆ, ಮೊದ್ಲು ಸೊರ ಬುಡಲ್ಲ, ಹಾಲು ಇಳ್ಸಲ್ಲ" ಎನ್ನುತ್ತಿದ್ದರು. ನನ್ನನ್ನು ಹಸುವಿನ ಜೊತೆ ಕಟ್ಟಿದ್ದಕ್ಕೆ ಬೇರೆ ದಿನವಾಗಿದ್ದರೆ ಜಗಳವಾಡುತ್ತಿದ್ದೆ. ಹಳದಿ ಹಾಲು ಕೊನೆಗೂ ಸಿರಿಂಜಿನ ತುದಿ ಮುಟ್ಟಿದಾಗ ಅವರೇ ಅದನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದರು. ಲಿಫ್ಟ್ ಅಲುಗಾಡುತ್ತದೆ, ಚೆಲ್ಲುತ್ತದೆ ಎಂದು ಅವರ ಭಯ.

ಮಂಜುನಾಥ್ ವಿಮಾನ ನಿಲ್ದಾಣದಿಂದ ನೇರ ಆಸ್ಪತ್ರೆಗೆ ಬಂದರು. ಮಗು ಹುಟ್ಟಿದ ದಿನ ಡಾಕ್ಟರ್ ಫೋನಿನಲ್ಲಿ ಅವರಿಗೆ ಇಪ್ಪತ್ತೆಂಟು ವಾರದ ಮಗುವಿನ ಎಲ್ಲ ಅಪಾಯಗಳನ್ನೂ ಹೇಳಿದ್ದರು, ಕಣ್ಣು, ಮಿದುಳು, ಶ್ವಾಸಕೋಶ. ವಾರ ತಪ್ಪಾಗಿದೆ ಎನ್ನಲು ಅವರಿಗೆ ಬಾಯೇ ಬರಲಿಲ್ಲವಂತೆ. ಡಾಕ್ಟರ್ ಹೇಳಿದ ಮೇಲೆ ಡಾಕ್ಟರೇ ಸರಿ, ತಾನೇ ಎಲ್ಲೋ ತಪ್ಪಿರಬೇಕು ಅಂದುಕೊಂಡರಂತೆ. ಅಷ್ಟು ದೂರದಲ್ಲಿ ಕುಳಿತವನಿಗೆ ತನ್ನ ಹೆಂಡತಿಯ ತಿಂಗಳ ಲೆಕ್ಕದ ಮೇಲೂ ಅನುಮಾನ ಬರುತ್ತದೆ. ಪರದೇಶ ಎಂದರೆ ಅದೇ ನೋಡಿ.

ಮಗು ಸ್ವಲ್ಪ ಸ್ಥಿರವಾದ ಮೇಲೆ ಡಾಕ್ಟರ್ ಕಾಂಗರೂ ಕೇರ್ ಶುರು ಮಾಡಿ ಎಂದರು. ಬಟ್ಟೆ ತೆಗೆದ ಮಗುವನ್ನು ಬರಿ ಎದೆಗೆ ಕಟ್ಟಿಕೊಂಡು ಗಂಟೆಗಟ್ಟಲೆ ಕೂರುವುದು. ನನಗೆ ತಲೆ ಸುತ್ತು ಇನ್ನೂ ನಿಂತಿರಲಿಲ್ಲ. ಅಪ್ಪ ಕೂರಲಿ, ಅಪ್ಪನ ಮೈಯೂ ಬಿಸಿಯೇ ಎಂದರು ಡಾಕ್ಟರ್.

ಅಮ್ಮ ತಡೆದರು. "ಪುರುಡು ಕಳೀಲಿ ಕಣೋ ಮಂಜು. ಹನ್ನೊಂದು ದಿನ ಆಗ್ದೆ ತಂದೆ ಮುಟ್ಟಬಾರ್ದು. ಮೊದ್ಲೇ ಎಂಟರ ಮಗು. ಇದೂ ಒಂದು ಯಾಕೆ?"

ನನ್ನ ಅಮ್ಮ ಕೆಟ್ಟವರಲ್ಲ. ಆಸ್ಪತ್ರೆಗೆ ಬಂದ ಕ್ಷಣದಿಂದ ನನ್ನ ಕಿವಿಗೆ ಹತ್ತಿ ತುರುಕಿ, ತಲೆಗೆ ಬಟ್ಟೆ ಬಿಗಿದು, ಫ್ಯಾನ್ ಆರಿಸುತ್ತಾ ಓಡಾಡಿದವರು. ಅವರ ಪ್ರೀತಿಗೆ ಇರುವುದೇ ಆ ಪಟ್ಟು. ಆದರೆ ಅವತ್ತು ನನಗೆ ರೇಗಿತು. ನಾನು ಬಾಯಿ ತೆರೆಯುವ ಮೊದಲೇ ಮಂಜುನಾಥ್ ತಮ್ಮ ತಾಯಿಯ ಕಡೆ ನೋಡಿದರು. ಏನೇ ಆದರೂ ಅವರು ಮೊದಲು ನೋಡುವುದು ಆ ಮುಖವನ್ನೇ.

ಅತ್ತೆ ಒಂದೇ ಮಾತು ಹೇಳಿದರು. "ಮುಟ್ಟು."

"ಅಲ್ಲ ಬೀಗ್ತಿ..." ಎಂದರು ಅಮ್ಮ.

"ದೋಸ ಬಂದ್ರೆ ನಂಗೆ ಬರ್ಲಿ. ಮುಟ್ಟೋ."

ಮಂಜುನಾಥ್ ಶರ್ಟಿನ ಗುಂಡಿ ಬಿಚ್ಚಿ ಕುರ್ಚಿಯಲ್ಲಿ ಒರಗಿದರು. ಸಿಸ್ಟರ್ ಮಗಳನ್ನು ವೈರುಗಳ ಸಮೇತ ಎತ್ತಿ ಅವರ ಎದೆಯ ಮೇಲೆ ಕಪ್ಪೆಯ ಹಾಗೆ ಮಲಗಿಸಿ ಬಟ್ಟೆ ಸುತ್ತಿದರು. ಮಂಜುನಾಥ್ ಉಸಿರನ್ನೂ ಎಣಿಸಿ ಬಿಡುತ್ತಿದ್ದರು. ಬಹಳ ಹೊತ್ತಾದ ಮೇಲೆ ನನ್ನನ್ನು ನೋಡಿ, "ಅಲ್ಲಿ ಎಲ್ಲಾರ ರೂಮು ತಣ್ಣಗೆ ಮಾಡ್ತೀನಿ, ಇಲ್ಲಿ ನಾನೇ ಹೀಟರ್ ಆಗಿದೀನಿ" ಎಂದರು. ಮೂರು ಜನರೂ ಆಸ್ಪತ್ರೆಗೆ ಬಂದ ಮೇಲೆ ಅದೇ ಮೊದಲ ಸಲ ನಕ್ಕದ್ದು. ನಾನು, ಅವರು, ಅತ್ತೆ.

ನನಗೆ ಡಿಸ್ಚಾರ್ಜ್ ಆಯಿತು. ಮಗುವಿಗೆ ಆಗಲಿಲ್ಲ. ಬಾಣಂತನಕ್ಕೆ ಗುಬ್ಬಿಗೆ ಬಾ ಎಂದು ಅಮ್ಮ ಕಾರು ತರಿಸಿದ್ದರು. ಕತ್ತಲೆ ಕೋಣೆ, ಎಣ್ಣೆ ನೀರು, ಮೆಣಸಿನ ಸಾರು ಎಲ್ಲ ಸಿದ್ಧವಾಗಿತ್ತು. ಮಗು ಇಲ್ಲದ ಬಾಣಂತನ ಯಾರಿಗೆ ಬೇಕು ಎಂದೆ. ಆಸ್ಪತ್ರೆಗೆ ಹತ್ತಿರವಾಗಲೆಂದು ಮರಳೂರಿನಲ್ಲಿ ಒಂದು ರೂಮು ಹಿಡಿದೆವು. ಅತ್ತೆ ಹಸುಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಬಂದರು. ಅಮ್ಮ ಎರಡು ದಿನ ಮುನಿಸಿಕೊಂಡಿದ್ದು, ಮೂರನೇ ದಿನ ಸಾರಿನ ಪುಡಿ, ಎಣ್ಣೆ, ಹತ್ತಿಯ ಸಮೇತ ಮರಳೂರಿಗೇ ಬಸ್ಸು ಹತ್ತಿ ಬಂದರು. ಮಡಕೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚೋಕಾಗುತ್ತಾ ಎಂದು ಬೈಯುತ್ತಲೇ ನನಗೆ ನೀರು ಹಾಕಿದರು.

ಬೆಳಿಗ್ಗೆ ಆಟೋ ಹತ್ತಿ ಹೋಗುವುದು, ಸಂಜೆ ಬರುವುದು. ಹಸಿ ಬಾಣಂತಿ ಕಿವಿಗೆ ಹತ್ತಿ ಇಟ್ಟುಕೊಂಡು ದಿನಾ ಬಟವಾಡಿಯ ಸಿಗ್ನಲ್‌ನಲ್ಲಿ ಹೊಗೆ ಕುಡಿಯುವುದನ್ನು ನೋಡಿ ಆಟೋದವನಿಗೇ ಕನಿಕರ ಬಂತು. "ಇಂಗೆಲ್ಲ ಆಚೆ ಬರಬಾರ್ದು ಕಣಕ್ಕ, ಶೀತ ಆಯ್ತದೆ" ಎಂದ. ಬರಬಾರದು ಎಂದು ನನಗೂ ಗೊತ್ತು ಕಣಪ್ಪ, ನನ್ನ ಮಗಳಿಗೆ ಗೊತ್ತಿಲ್ಲ ಎಂದೆ. ಹೊಲಿಗೆ ಎಳೆಯುತ್ತಿತ್ತು. ಸೊಂಟ ಬಿದ್ದುಹೋಗುತ್ತಿತ್ತು. ಎನ್‌ಐಸಿಯುನ ಏಸಿಯಲ್ಲಿ ಮೈ ನಡುಗುತ್ತಿತ್ತು. ಆದರೆ ಅವಳನ್ನು ಎದೆಗೆ ಕಟ್ಟಿಕೊಂಡ ಗಳಿಗೆಯಿಂದ ಬಿಚ್ಚುವವರೆಗೆ ನನಗೆ ಇದಾವುದೂ ಇರುತ್ತಿರಲಿಲ್ಲ.

ತೂಕ ಏರಿತು. ಸಿಪ್ಯಾಪ್ ತೆಗೆದರು. ಗೆದ್ದೆ ಅಂದುಕೊಂಡೆ.

ಒಂದು ಮಧ್ಯಾಹ್ನ ನನ್ನ ಎದೆಯ ಮೇಲೆ ಅವಳ ಉಸಿರು ನಿಂತಿತು.

ಮಾನಿಟರ್ ಕೂಗುವ ಮೊದಲೇ ನನಗೆ ಗೊತ್ತಾಯಿತು. ಎದೆಯ ಮೇಲಿನ ಆ ಸಣ್ಣ ಏರಿಳಿತ ಇರಲಿಲ್ಲ. ತುಟಿ ನೀಲಿಯಾಗುತ್ತಿತ್ತು. ಸಿಸ್ಟರ್ ಹೇಳಿಕೊಟ್ಟಿದ್ದ ಹಾಗೆ ಅಂಗಾಲನ್ನು ಬೆರಳಿನಿಂದ ತಟ್ಟಿದೆ. ಇಲ್ಲ. ಇನ್ನೊಮ್ಮೆ ತಟ್ಟಿದೆ. "ಎಂಟು ಅಂತ ಸಾಯ್ತೀಯೇನೇ, ಎಂಟು ಅಂತ ಸಾಯ್ತೀಯಾ" ಎಂದು ಬೈಯುತ್ತಿದ್ದೆನಂತೆ, ಪಕ್ಕದ ಕುರ್ಚಿಯ ತಾಯಿ ಆಮೇಲೆ ಹೇಳಿದಳು. ಸಿಸ್ಟರ್ ಕೈಯಿಂದ ಒತ್ತಿ ಉಸಿರು ಕೊಡುವ 'ಆಂಬು' ಚೀಲ ಹಿಡಿದುಕೊಂಡು ಓಡಿ ಬರುವಷ್ಟರಲ್ಲಿ ಅವಳು ಒಮ್ಮೆ ಬಿಕ್ಕಿ, ಮುಖ ಕಿವುಚಿ, ಉಸಿರೆಳೆದುಕೊಂಡಳು. ಮತ್ತೆ ಪೆಟ್ಟಿಗೆ, ಮತ್ತೆ ಸಿಪ್ಯಾಪ್. ಹೊಟ್ಟೆ ಉಬ್ಬರಿಸಿದೆ ಎಂದು ಹಾಲು ನಿಲ್ಲಿಸಿ ಆಂಟಿಬಯಾಟಿಕ್ ಶುರು ಮಾಡಿದರು. ಇನ್‌ಫೆಕ್ಷನ್ ಇರಬಹುದು ಎಂದರು. ಅಷ್ಟು ದಿನ ಕೂಡಿಸಿದ್ದ ತೂಕವೆಲ್ಲ ಕರಗಿತು.

ಸಿರಿಂಜಿಗೆ ಹಿಡಿದ ಹಾಲನ್ನು ಅವತ್ತು ಯಾರಿಗೂ ಕೊಡಲಾಗದೆ ಫ್ರೀಜರ್‌ನಲ್ಲಿ ಇಡಿಸಿದೆ. ಕಾರಿಡಾರ್‌ನಲ್ಲಿ ಅತ್ತೆ ಗೋಡೆಗೆ ಒರಗಿ ಕುಳಿತಿದ್ದರು. ಹಾಲು ಕೊಡಬೇಡಿ ಎಂದರು ಎಂಬುದಷ್ಟೇ ಅವರಿಗೆ ಕೇಳಿಸಿತ್ತು. ಮುಖ ಬಿಳಿಚಿಕೊಂಡಿತ್ತು.

"ಮೂಲೆಗೆ ಮಡಗಿದ್ರಾ?" ಎಂದರು.

ನಾನು ಅವರ ಕೈ ಹಿಡಿದು ಎಬ್ಬಿಸಿ, ಸಿಸ್ಟರನ್ನು ಕಾಡಿಬೇಡಿ, ಟೋಪಿ ಗೌನು ತೊಡಿಸಿ ಒಳಗೆ ಕರೆದುಕೊಂಡು ಹೋದೆ. ಮೊಮ್ಮಗಳ ಸುತ್ತ ಇಬ್ಬರು ಸಿಸ್ಟರ್‌ಗಳಿದ್ದರು. ಡಾಕ್ಟರ್ ಬಗ್ಗಿ ಹೊಟ್ಟೆಗೆ ಸ್ಟೆತಸ್ಕೋಪ್ ಇಟ್ಟಿದ್ದರು. ಅತ್ತೆ ಕೈಕಟ್ಟಿ ನಿಂತು ನೋಡಿದರು. ಆಚೆ ಬಂದ ಮೇಲೆ ಕೇಳಿದರು, "ಅವ್ರಿಗೆ ಗೊತ್ತಾ, ಇದು ಎಂಟು ಅಂತ?"

"ಗೊತ್ತು."

"ಗೊತ್ತಿದ್ರೂ ಇಷ್ಟು ಮಾಡ್ತಾವ್ರಾ."

ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಇನ್‌ಫೆಕ್ಷನ್ ಇಳಿಯುವ ಮೊದಲೇ ಮಂಜುನಾಥ್ ರಜೆ ಮುಗಿಯಿತು. ಅವರನ್ನು ದೂರುವುದಿಲ್ಲ, ಆ ಕೆಲಸ ಹೋದರೆ ಈ ಆಸ್ಪತ್ರೆಯೂ ಇರುವುದಿಲ್ಲ. ಪೆಟ್ಟಿಗೆಯ ಕಿಂಡಿಯೊಳಗೆ ಕೈ ಹಾಕಿ ಮಗಳ ತಲೆಯ ಮೇಲೆ ಅಂಗೈ ಇಟ್ಟು ನಿಂತರು. ಬಸ್ಸಿಗೆ ತಡವಾಗುತ್ತದೆ ಎಂದು ಎರಡು ಸಲ ನಾನೇ ಹೇಳಬೇಕಾಯಿತು. ಮೊರದಲ್ಲಿ ಮಲಗಿಸಿದ್ದ ಅವರ ಅಕ್ಕನ ವಿಷಯ ಅವರಿಗೆ ನಾನು ಹೇಳಲಿಲ್ಲ. ಅದನ್ನು ಹೇಳುವ ಹಕ್ಕು ಅವರ ತಾಯಿಯದು.

ಆಮೇಲಿನ ದಿನಗಳನ್ನು ಬಿಡಿಸಿ ಹೇಳಲು ಬರುವುದಿಲ್ಲ, ಎಲ್ಲವೂ ಒಂದೇ ಥರ ಇದ್ದವು. ನಿಲ್ಲಿಸಿದ್ದ ಹಾಲನ್ನು ಮತ್ತೆ ಹನಿಯಿಂದ ಶುರು ಮಾಡಿದರು. ಮತ್ತೆ ಎದೆಗೆ ಕಟ್ಟಿಕೊಂಡೆ. ಪೈಪುಗಳು ಒಂದೊಂದಾಗಿ ಕಳಚಿದವು. ಒಂದು ದಿನ ಟ್ಯೂಬು ಬಿಟ್ಟು ಎದೆಯಿಂದಲೇ ಎಳೆದು ಕುಡಿದಳು. ಮನೆಗೆ ಕರೆದುಕೊಂಡು ಹೋಗಿ ಎಂದ ದಿನ ಕೈ ಮುಗಿಯಲು ಹೋದ ಅತ್ತೆಯನ್ನು ಡಾಕ್ಟರ್ ತಡೆದು, "ಕಣ್ಣಿನ ಟೆಸ್ಟು, ಕಿವಿ ಟೆಸ್ಟು ತಪ್ಪಿಸ್ಬೇಡಿ. ಯಾರು ಕೇಳಿದ್ರೂ ಎಂಟು ಅನ್ನಿ" ಎಂದರು. ಡಾಕ್ಟರ್ ಕಣ್ಣಿನಲ್ಲಿ ತುಂಟತನ ಇತ್ತು. ಅತ್ತೆ ಮಾತ್ರ ತಲೆ ತಗ್ಗಿಸಿ ಗಂಭೀರವಾಗಿ ಹೂಂ ಎಂದರು.

ನಾಮಕರಣ ಮೊನ್ನೆ ಆಯಿತು, ಕುಣಿಗಲ್ ಮನೆಯಲ್ಲಿ. ಹತ್ತಿರದವರನ್ನಷ್ಟೇ ಕರೆದಿದ್ದೆವು. ಮಂಜುನಾಥ್ ವೀಡಿಯೊ ಕಾಲ್‌ನಲ್ಲಿದ್ದರು, ಫೋನನ್ನು ಗೋಡೆಯ ಗೂಡಿನಲ್ಲಿ ಒರಗಿಸಿಟ್ಟಿದ್ದೆ. ಮಗಳು ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿದ್ದಳು. ನಮ್ಮಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ, ಮಗುವಿನ ಅಪ್ಪನ ಅಕ್ಕನೋ ತಂಗಿಯೋ. ಅವಳು ಹೆಸರು ಹೇಳುವಾಗ ಸುತ್ತಲಿನ ಹೆಂಗಸರು ತಮಾಷೆಗೆ ಅವಳ ಬೆನ್ನಿಗೆ ಗುದ್ದುತ್ತಾರೆ.

"ಮಂಜಂಗೆ ಅಕ್ಕ ತಂಗಿ ಇಲ್ವಲ್ಲ" ಎಂದಳು ಅತ್ತೆಯ ಓರಗಿತ್ತಿ, ವಯಸ್ಸಾದ ಹೆಂಗಸು. "ಚಿಕ್ಕಪ್ಪನ ಮಗಳ್ನ ಕರೀರಿ."

"ಇದ್ಲು" ಎಂದರು ಅತ್ತೆ.

ಎಲ್ಲರೂ ತಿರುಗಿ ನೋಡಿದರು.

"ಇವ್ಳಿಗೊಬ್ಳು ಸೋದರತ್ತೆ ಇದ್ಲು. ಎಂಟರಲ್ಲಿ ಹುಟ್ಟಿದ್ಲು, ಇವ್ಳಂಗೇ. ಉಳಿಯಲ್ಲ ಅಂತ ನಾವೇ ಮೊರದಲ್ಲಿ ಮಡಗಿದ್ವಿ. ನಿಂಗೆ ಗೊತ್ತಲ್ಲ ಅಕ್ಕ, ನೀನೂ ಇದ್ದೆ." ಓರಗಿತ್ತಿ ನೆಲ ನೋಡಿದಳು. "ಅವ್ಳಿಗೆ ಹೆಸ್ರೂ ಇಡ್ಲಿಲ್ಲ. ಅವ್ಳ ಬದ್ಲು ನಾನು ಹೇಳ್ತೀನಿ."

ಗೂಡಿನಲ್ಲಿದ್ದ ಫೋನಿನೊಳಗೆ ಮಂಜುನಾಥ್ ಮುಖ ಅಲುಗಲಿಲ್ಲ. ನೆಟ್‌ವರ್ಕ್ ಹೋಗಿದೆಯೇನೋ ಅಂದುಕೊಂಡೆ. ಹೋಗಿರಲಿಲ್ಲ. "ಹೇಳವ್ವ" ಎಂದರು.

ಕುಂಕುಮ ಇಲ್ಲದೋಳು ಶಾಸ್ತ್ರ ಮಾಡಬಹುದಾ ಎಂದು ಹಿಂದೆ ಯಾರೋ ಗೊಣಗಿದರು. ಅತ್ತೆ ಕೇಳಿಸಿಕೊಳ್ಳಲಿಲ್ಲ. ತೊಟ್ಟಿಲಿಗೆ ಬಾಗಿ ಮೊಮ್ಮಗಳ ಕಿವಿಯ ಹತ್ತಿರ ಬಾಯಿಟ್ಟು "ಸೌಖ್ಯ" ಎಂದರು. ನಾನು, ಮಂಜುನಾಥ್ ಸೇರಿ ಆರಿಸಿದ್ದ ಹೆಸರು. ಶಾಸ್ತ್ರದ ಪ್ರಕಾರ ಈಗ ಬೆನ್ನಿಗೆ ಗುದ್ದಬೇಕು. ಯಾರೂ ಕೈ ಎತ್ತಲಿಲ್ಲ.

ನಾನು ಗುದ್ದಿದೆ. ಸ್ವಲ್ಪ ಜೋರಾಗಿಯೇ ಗುದ್ದಿದೆ, ಏಳು ಅಂದದ್ದಕ್ಕೂ ಸೇರಿಸಿ. ಆಮೇಲೆ ನನ್ನ ಅಮ್ಮ ಬಂದು ಗುದ್ದಿದರು.

ಆ ಸದ್ದಿಗೆ ಮಗಳು ಎದ್ದು ಅಳತೊಡಗಿದಳು. ಮುಖವೆಲ್ಲ ಕೆಂಪಾಗಿ, ಕಾಲು ಬಡಿಯುತ್ತಾ, ಬೀದಿಗೆ ಕೇಳುವ ಹಾಗೆ. ಇನ್ನೂ ತೂಕ ಸಾಲದು, ಇನ್ನೂ ಎಷ್ಟೋ ಟೆಸ್ಟುಗಳು ಬಾಕಿ ಇವೆ, ನಾವು ಯಾವಾಗ ಮಸ್ಕತ್‌ಗೆ ಹೋಗುತ್ತೇವೋ ಡಾಕ್ಟರ್ ಹೇಳಿಲ್ಲ. ಅಳುವುದನ್ನು ಮಾತ್ರ ಚೆನ್ನಾಗಿ ಕಲಿತಿದ್ದಾಳೆ.

"ಎತ್ಕಳೇ ಗೌರಿ, ಮಗು ಅಳ್ತದೆ" ಎಂದಳು ಓರಗಿತ್ತಿ.

"ಅಳ್ಲಿ ಬುಡು" ಎಂದರು ಅತ್ತೆ, ತೊಟ್ಟಿಲ ಹಗ್ಗ ಹಿಡಿದುಕೊಂಡು. "ಎಲ್ರೂ ಕೇಳಿಸ್ಕಳ್ಳಿ."